ಔಷಧಕ್ಕೆ ಮಣಿಯದ ಕ್ಷಯ ಮತ್ತು ಶೀಘ್ರ ಪರೀಕ್ಷೆ

ಹುಬ್ಬಳ್ಳಿ-ಧಾರವಾಡದ ಅವಳಿ ನಗರಗಳಿಗೆ ಓದಲೆಂದು ಬರುವ ಹಳ್ಳಿಯ ಮಕ್ಕಳು ಪ್ರಸಾದನಿಲಯಗಳಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಕೋಣೆಯಲ್ಲಿ ಮಗ್ಗುಲು ಮಗ್ಗುಲಿಗೆ ಮಲಗಿ ಬೆಳೆಯುತ್ತಾರೆ. ದಾಸೋಹದ ಈ ಪರಂಪರೆ ನಮ್ಮ ಹೆಮ್ಮೆ. ಆದರೆ ಇಂತಹ ಕೂಡುಬಾಳಿನಲ್ಲಿ ಒಬ್ಬನ ಕೆಮ್ಮು ಒಬ್ಬನದೇ ಆಗಿ ಉಳಿಯದು. ಕ್ಷಯ ಹರಡುವುದು ಗಾಳಿಯಿಂದ, ತಟ್ಟೆ ಲೋಟಗಳಿಂದಲ್ಲ. ಆದುದರಿಂದ ರೋಗಿಯ ತಟ್ಟೆಯನ್ನು ಬೇರೆಯಿಡುವುದು ನಿಷ್ಪ್ರಯೋಜಕ. ಅವನ ಕಫವನ್ನು ಬೇಗನೆ ಪರೀಕ್ಷಿಸುವುದೇ ಪ್ರಯೋಜನಕಾರಿ.

ಕ್ಷಯದ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ಸಂಗತಿಯನ್ನು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದನು. ಅಲ್ಲಿಂದ ನೂರು ವರ್ಷಗಳಿಗೂ ಹೆಚ್ಚು ಕಾಲ, ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುವುದೇ ರೋಗವನ್ನು ಗುರುತಿಸುವ ಮುಖ್ಯ ಮಾರ್ಗವಾಗಿತ್ತು. ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಜೀವಿಗಳಿಲ್ಲದಿದ್ದರೆ ಈ ವಿಧಾನದಲ್ಲಿ ಅವು ಕಣ್ಣಿಗೆ ಬೀಳುವುದು ಕಷ್ಟ. ಬಿದ್ದರೂ, ಕಂಡ ಜೀವಿಯು ಔಷಧಕ್ಕೆ ಮಣಿಯುವುದೋ ಇಲ್ಲವೋ ಎಂಬುದನ್ನು ಅದರ ರೂಪ ಹೇಳದು.

ಮಣಿಯದ ಜೀವಿ ಹುಟ್ಟುವ ಬಗೆ ಲೆಕ್ಕಕ್ಕೆ ಸಿಗುವಂಥದು. ಜೀವಿಗಳು ಒಡೆದು ಎರಡಾಗುವಾಗ ವಂಶವಾಹಿಯಲ್ಲಿ ಅಪರೂಪಕ್ಕೊಮ್ಮೆ ತಪ್ಪು ನುಸುಳುತ್ತದೆ. ಅದರಿಂದಾಗಿ ಐಸೋನಿಯಾಜಿಡ್ ಔಷಧವನ್ನು ತಡೆದುಕೊಳ್ಳಬಲ್ಲ ಜೀವಿ ಸುಮಾರು 10 ಲಕ್ಷಕ್ಕೊಂದು. ರಿಫಾಂಪಿಸಿನ್ ಔಷಧವನ್ನು ತಡೆಯಬಲ್ಲುದು ಸುಮಾರು 10 ಕೋಟಿಗೊಂದು. ಎರಡನ್ನೂ ಏಕಕಾಲಕ್ಕೆ ತಡೆಯಬಲ್ಲುದು ಕೋಟಿಯ ಕೋಟಿಗೊಂದು. ಕ್ಷಯಪೀಡಿತ ಶ್ವಾಸಕೋಶದ ಒಂದು ಕುಹರದಲ್ಲಿರುವ ಜೀವಿಗಳು ಹತ್ತಾರು ಕೋಟಿ ಮಾತ್ರ. ಒಂದೇ ಔಷಧ ಕೊಟ್ಟರೆ ಕೆಲವು ಜೀವಿಗಳು ಉಳಿದು ಬೆಳೆಯುತ್ತವೆ. ಹಲವನ್ನು ಕೂಡಿಸಿ ಕೊಟ್ಟರೆ ಅವುಗಳಿಗೆ ಪಾರಾಗುವ ದಾರಿಯಿಲ್ಲ. 1940ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೋಮೈಸಿನ್ ಒಂದನ್ನೇ ಪಡೆದ ರೋಗಿಗಳಲ್ಲಿ ಹಲವರು ಮೊದಲು ಚೇತರಿಸಿ, ಅನಂತರ ಮತ್ತೆ ಕುಸಿದುದಕ್ಕೆ ಇದೇ ಕಾರಣ.

ಹೀಗೆಂದ ಮಾತ್ರಕ್ಕೆ ದೋಷವನ್ನೆಲ್ಲ ಗುಳಿಗೆ ತಪ್ಪಿಸಿದ ರೋಗಿಯ ತಲೆಗೆ ಕಟ್ಟುವುದು ಅನ್ಯಾಯ. ಒಮ್ಮೆ ಹುಟ್ಟಿದ ಪ್ರತಿರೋಧಿ ಜೀವಿ ಕೆಮ್ಮಿನ ಮೂಲಕ ಬೇರೆಯವರಿಗೆ ಹಾಗೆಯೇ ದಾಟುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪ್ರಯೋಗಾಲಯದ ಆಸರೆಯಿಂದ 2014-16ರಲ್ಲಿ ದೇಶಾದ್ಯಂತ ಸಮೀಕ್ಷೆ ನಡೆಯಿತು. ಹಿಂದೆ ಚಿಕಿತ್ಸೆ ಪಡೆದಿದ್ದವರಲ್ಲಿ ಶೇಕಡಾ 11.6 ಮಂದಿಗೆ ಈ ಎರಡೂ ಔಷಧಗಳು ನಾಟದ ಕ್ಷಯವಿತ್ತು. ಒಮ್ಮೆಯೂ ಚಿಕಿತ್ಸೆ ಪಡೆಯದವರಲ್ಲಿಯೂ ಶೇಕಡಾ 2.8 ಮಂದಿಗೆ ಅದು ಕಂಡುಬಂದಿತು.

ಇದನ್ನು ತಿಳಿಯಲು ಹಿಂದೆ ಇದ್ದ ದಾರಿ ಒಂದೇ: ಕಫದಲ್ಲಿನ ಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಔಷಧಕ್ಕೆ ಒಡ್ಡಿ ನೋಡುವುದು. ನಿಧಾನವಾಗಿ ಬೆಳೆಯುವ ಜೀವಿಯಾದುದರಿಂದ ಉತ್ತರ ಬರಲು ಎರಡು ತಿಂಗಳು, ಕೆಲವೊಮ್ಮೆ ಮೂರು ಹಿಡಿಯುತ್ತಿತ್ತು. ಅಷ್ಟರಲ್ಲಿ ರೋಗಿ ನಾಟದ ಔಷಧವನ್ನು ನಿಷ್ಠೆಯಿಂದ ನುಂಗುತ್ತ, ಮನೆಯವರೊಡನೆ ಒಂದೇ ಗಾಳಿಯನ್ನು ಉಸಿರಾಡುತ್ತಿದ್ದನು.

2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಪಡೆದು, ನಮ್ಮ ದೇಶದಲ್ಲಿ ಸಿ.ಬಿ.ನ್ಯಾಟ್ ಎಂದು ಹೆಸರಾದ ಪರೀಕ್ಷೆ ಆ ಕಾಲವನ್ನು ಎರಡು ಗಂಟೆಗೆ ಇಳಿಸಿತು. ಕಫಕ್ಕೆ ದ್ರಾವಕ ಬೆರೆಸಿ, ಕಾಲು ಗಂಟೆ ಇಟ್ಟು, ಮುಷ್ಟಿಯಲ್ಲಿ ಹಿಡಿಯಬಹುದಾದ ಪ್ಲಾಸ್ಟಿಕ್ ಕೋಶದೊಳಗೆ ಸುರಿದರೆ ಮಿಕ್ಕುದನ್ನು ಯಂತ್ರ ಮಾಡುತ್ತದೆ. ಜೀವಿಗಳನ್ನು ಸೋಸಿ ಹಿಡಿದು, ಶ್ರವಣಾತೀತ ಧ್ವನಿಯಿಂದ ಒಡೆದು, ಒಳಗಿನ ಡಿ.ಎನ್.ಎ.ಯನ್ನು ಕಾಯಿಸಿ ಆರಿಸಿ ಇಮ್ಮಡಿ ಇಮ್ಮಡಿಯಾಗಿ ಹೆಚ್ಚಿಸುತ್ತದೆ. ರಿಫಾಂಪಿಸಿನ್ನನ್ನು ತಡೆಯುವ ತಪ್ಪುಗಳಲ್ಲಿ ಸುಮಾರು ಶೇಕಡಾ 95 ಇರುವುದು ವಂಶವಾಹಿಯೊಂದರ 81 ಅಕ್ಷರಗಳ ಸಣ್ಣ ತುಂಡಿನಲ್ಲಿ. ಆ ತುಂಡಿನ ಉದ್ದಕ್ಕೂ ಐದು ಬೆಳಕಿನ ಅಣುಗಳು ಸಾಲಾಗಿ ಅಂಟಬೇಕು. ಅಕ್ಷರ ಸರಿಯಾಗಿದ್ದರೆ ದೀಪ ಹತ್ತುತ್ತದೆ. ತಪ್ಪಿದ್ದಲ್ಲಿ ಹತ್ತದು, ಇಲ್ಲವೆ ತಡವಾಗಿ ಹತ್ತುತ್ತದೆ. ಎಣ್ಣೆಯಿಲ್ಲದ ಹಣತೆಯನ್ನು ಸಾಲಿನಲ್ಲಿ ಹುಡುಕಿದಂತೆ ಯಂತ್ರವು ದೋಷವನ್ನು ಗುರುತಿಸುತ್ತದೆ.

ಈ ಯಂತ್ರಕ್ಕೆ ಸ್ಥಿರವಾದ ವಿದ್ಯುತ್ತೂ ತಂಪಾದ ಕೋಣೆಯೂ ಬೇಕು. ನಮ್ಮ ಬೇಸಗೆಯಲ್ಲಿ ಇವೆರಡೂ ದುರ್ಲಭ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು ಗೋವೆಯ ಮೋಲ್‌ಬಯೋ ಸಂಸ್ಥೆ ತಯಾರಿಸುವ ಟ್ರೂನ್ಯಾಟ್ ಬ್ಯಾಟರಿಯಿಂದ ನಡೆಯುತ್ತದೆ. ಕ್ಷಯವಿದೆಯೆಂದು ಒಂದು ಗಂಟೆಯಲ್ಲಿ, ಪ್ರತಿರೋಧವಿದೆಯೆಂದು ಇನ್ನೊಂದು ಗಂಟೆಯಲ್ಲಿ ಹೇಳುತ್ತದೆ. 2020ರಲ್ಲಿ ಇದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು. ಕನ್ನಡ ನಾಡಿಗೆ ಇದು ಸಣ್ಣ ಗೌರವವಲ್ಲ.

ಆದರೂ ಹೊಗಳಿಕೆಯ ಉತ್ಸಾಹದಲ್ಲಿ ಮಿತಿಯನ್ನು ಮರೆಯಬಾರದು. ಈ ಪರೀಕ್ಷೆಗಳು ಐಸೋನಿಯಾಜಿಡ್ ಒಂದಕ್ಕೇ ಇರುವ ಪ್ರತಿರೋಧವನ್ನು ಹೇಳವು. ಅದಕ್ಕೆ ಬೇರೆ ಪಟ್ಟಿ-ಪರೀಕ್ಷೆ ಬೇಕು. ಸತ್ತ ಜೀವಿಯ ಡಿ.ಎನ್.ಎ.ಯನ್ನೂ ಇವು ಎಣಿಸುವುದರಿಂದ, ಚಿಕಿತ್ಸೆಯಲ್ಲಿರುವವನು ಗುಣಮುಖನಾದನೇ ಎಂದು ಇವುಗಳಿಂದ ಅಳೆಯಲಾಗದು. ಹಳೆಯ ಸಂವರ್ಧನ ಪರೀಕ್ಷೆ ಆದುದರಿಂದಲೇ ಉಳಿದಿದೆ. 1957ರಲ್ಲಿ ಆರಂಭವಾಗಿ ಕಿಮ್ಸ್ ಎಂದೇ ಜನರ ಬಾಯಲ್ಲಿರುವ ಹುಬ್ಬಳ್ಳಿಯ ವೈದ್ಯಕೀಯ ವಿದ್ಯಾಲಯದಲ್ಲಿ ಇಂತಹ ಪ್ರಯೋಗಾಲಯವಿದೆ.

ಇನ್ನು, ಯಂತ್ರಕ್ಕೆ ಕಫ ತಲುಪುವವರೆಗಿನ ಕಾಲವನ್ನು ಯಂತ್ರ ಉಳಿಸಲಾರದು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಗೆ ಕಣ್ಣು ತೆರೆಸುವಂಥದು. ಹಳ್ಳಿಗರು ರೋಗವನ್ನು ಅರಿಯದೆ ಮನೆಯಲ್ಲಿ ಕುಳಿತಿದ್ದಾರೆಂಬುದು ಅಂದಿನ ನಂಬಿಕೆ. ಕ್ಷಯಪೀಡಿತರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಔಷಧೋಪಚಾರ ಅರಸಿ ಹೋಗಿದ್ದರೆಂದೂ, ಅನೇಕರು ಬರಿಯ ಕೆಮ್ಮಿನ ಔಷಧದೊಡನೆ ಹಿಂದಿರುಗಿದ್ದರೆಂದೂ ಅಧ್ಯಯನ ತೋರಿಸಿತು. ಇಂದಿಗೂ ಎರಡು ವಾರ ಮೀರಿದ ಕೆಮ್ಮಿಗೆ ಅಂಗಡಿಯ ಶೀಷೆಯೇ ಮೊದಲ ಮದ್ದು. ಅಲ್ಲಿ ಕಳೆದ ತಿಂಗಳ ಮುಂದೆ ಎರಡು ಗಂಟೆಯ ಪರೀಕ್ಷೆಗೆ ಅರ್ಥವೇನು?

ಬೇಗ ತಿಳಿದರೆ ಈಗ ಲಾಭವೂ ಹೆಚ್ಚು. ಪ್ರತಿರೋಧಿ ಕ್ಷಯಕ್ಕೆ ಹಿಂದೆ ಒಂದೂವರೆ, ಎರಡು ವರ್ಷದ ಚಿಕಿತ್ಸೆ. ಕೆಲವರ ಕಿವಿಯನ್ನೇ ಕೆಡಿಸಿದ ಚುಚ್ಚುಮದ್ದು. ಗುಳಿಗೆಗಳಿಂದಲೇ ಆರು ತಿಂಗಳಲ್ಲಿ ಮುಗಿಯುವ ಹೊಸ ಕ್ರಮಕ್ಕೆ ಭಾರತ ಸರ್ಕಾರವು 2024ರಲ್ಲಿ ಒಪ್ಪಿಗೆ ನೀಡಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ.

ನಿಲಯದ ಮೇಲ್ವಿಚಾರಕರಿಗೊಂದು ಮಾತು. ಡಬ್ಬಿಯಲ್ಲಿ ಕಳುಹಿಸಬೇಕಾದುದು ಉಗುಳಲ್ಲ, ಕಫ. ಬೆಳಗ್ಗೆ ನೀರಿನಿಂದ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಿದರೆ ಅದು ಬರುತ್ತದೆ. ಚಿಕ್ಕ ಮಕ್ಕಳಿಗೆ ಕಫ ಹೊರತೆಗೆಯಲು ಬಾರದು, ಬಂದರೂ ಜೀವಿಗಳು ವಿರಳ. ಅವರ ವಿಷಯದಲ್ಲಿ ಯಂತ್ರವು ಇಲ್ಲವೆಂದರೂ, ತೂಕ ಇಳಿಯುತ್ತಿದ್ದರೆ ವೈದ್ಯರು ಜಠರದ ದ್ರವವನ್ನು ತೆಗೆದು ಮತ್ತೊಮ್ಮೆ ನೋಡುತ್ತಾರೆ.