ಕೈಹೆಣಿಗೆಯ ಸ್ವೆಟರ್: ಭಾಗಗಳನ್ನು ಜೋಡಿಸುವ ಸರಿಯಾದ ಕ್ರಮ

ಚಳಿಗಾಲದಲ್ಲಿ ರಾಗಿ ಕಣದ ರಾತ್ರಿ ಕಾವಲಿಗಾಗಲಿ, ನಸುಕಿನಲ್ಲಿ ಹಾಲು ಕರೆಯುವುದಕ್ಕಾಗಲಿ, ಮಕ್ಕಳನ್ನು ಶಾಲೆಗೆ ಕಳುಹಿಸುವುದಕ್ಕಾಗಲಿ ಸ್ವೆಟರ್ ಬಹು ಉಪಯುಕ್ತವಾದ ಉಡುಪು. ಕರ್ನಾಟಕದ ಡೆಕ್ಕನಿ ಕುರಿಗಳ ಉಣ್ಣೆ ಒರಟಾಗಿದ್ದು ಕಂಬಳಿಗೆ ಯೋಗ್ಯವೇ ಹೊರತು ಮೈಗೆ ತಾಗುವ ಮೆತ್ತನೆಯ ಸ್ವೆಟರಿಗೆ ತಕ್ಕುದಲ್ಲ. ಆದ್ದರಿಂದ ಸ್ವೆಟರಿನ ನೂಲನ್ನು ಸಾಮಾನ್ಯವಾಗಿ ಹಣ ಕೊಟ್ಟು ಅಂಗಡಿಯಿಂದಲೇ ತರಬೇಕಾಗುತ್ತದೆ. ಹೀಗೆ ತಂದ ನೂಲಿನಿಂದ ರೈತ ಮಹಿಳೆಯು ಬಿಡುವಿನ ವೇಳೆಯಲ್ಲಿ ವಾರಗಟ್ಟಲೆ ಕುಳಿತು ಹೆಣೆದ ಸ್ವೆಟರ್, ಕಡೆಯ ಒಂದು ಸಂಜೆಯ ಅವಸರದ ಹೊಲಿಗೆಯಿಂದ ಕೆಡುವುದುಂಟು. ಮಗುವಿನ ತಲೆ ತೂರದ ಕುತ್ತಿಗೆ, ಕೈ ಎತ್ತಿದೊಡನೆ ಕಡಿಯುವ ಕಂಕುಳಿನ ಹೊಲಿಗೆ, ಒಂದು ಕಡೆ ಉದ್ದ ಒಂದು ಕಡೆ ಗಿಡ್ಡವಾದ ಪಕ್ಕಗಳು, ಇವು ಬಹುಮಟ್ಟಿಗೆ ಹೆಣಿಗೆಯ ದೋಷಗಳಲ್ಲ, ಜೋಡಣೆಯ ದೋಷಗಳು.

ಹೊಲಿಗೆ ಕಡಿಯಲು ಕಾರಣ

ನೇಯ್ದ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕಿನ ಎಳೆಗಳು ನೇರವಾಗಿ ಇರುತ್ತವೆ. ಹೆಣೆದ ಬಟ್ಟೆಯಲ್ಲಿ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದಾಗ ಕುಣಿಕೆಯು ಆಕಾರ ಬದಲಿಸಿ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಇಂತಹ ಬಟ್ಟೆಯನ್ನು ಹಿಗ್ಗದ ಹತ್ತಿ ದಾರದಿಂದ ಬಿಗಿಯಾಗಿ ಹೊಲಿದರೆ ಎಳೆತದ ಭಾರವೆಲ್ಲ ದಾರದ ಮೇಲೆ ಬೀಳುತ್ತದೆ. ಆಗ ದಾರ ಕಡಿಯುತ್ತದೆ, ಇಲ್ಲವೆ ದಾರವೇ ಉಣ್ಣೆಯನ್ನು ಕೊಯ್ಯುತ್ತದೆ. ಒಂದು ಕುಣಿಕೆ ಕಡಿದರೆ ಅದರ ಕೆಳಗಿನವೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಮಾವಿನ ಕಸಿಯಲ್ಲಿ ಕಸಿಕಡ್ಡಿಯ ತೊಗಟೆಯ ಒಳಪದರವು ಬೇರುಗಿಡದ ಒಳಪದರಕ್ಕೆ ಸರಿಯಾಗಿ ಕೂಡಬೇಕೆಂಬುದು ರೈತರಿಗೆ ತಿಳಿದ ವಿಷಯ. ಸ್ವೆಟರಿನಲ್ಲಿಯೂ ಹಾಗೆಯೇ ಸಾಲಿಗೆ ಸಾಲು ಕೂಡಬೇಕು. ಹೊಲಿಗೆಯು ಬಟ್ಟೆ ಹಿಗ್ಗುವಷ್ಟೇ ಹಿಗ್ಗಬೇಕು. ಹೆಗಲು ಮಾತ್ರ ಇದಕ್ಕೆ ಹೊರತು. ಇಡೀ ಸ್ವೆಟರಿನ ತೂಕ ಹೆಗಲಿನಿಂದ ಜೋತಾಡುವುದರಿಂದ ಅಲ್ಲಿನ ಹೊಲಿಗೆ ಜಗ್ಗದಂತೆ ಗಟ್ಟಿಯಾಗಿರಬೇಕು.

ಪೂರ್ವಸಿದ್ಧತೆ

ಕಡ್ಡಿಯಿಂದ ಇಳಿಸಿದ ಭಾಗಗಳ ಅಂಚು ಸುರುಳಿಯಾಗುತ್ತದೆ. ಇದನ್ನು ಸರಿಪಡಿಸದೆ ಹೊಲಿಯಬಾರದು. ಮಡಿಸಿದ ಕಂಬಳಿ ಅಥವಾ ಜಮಖಾನೆಯ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಪ್ರತಿ ಭಾಗವನ್ನು ಬೇಕಾದ ಅಳತೆಗೆ ಹರಡಿ, ಸುತ್ತಲೂ ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಬೇಕು. ಅದರ ಮೇಲೆ ಹಿಂಡಿದ ಒದ್ದೆ ಬಟ್ಟೆಯನ್ನು ಹೊದಿಸಿ, ಭಾಗಗಳು ತೇವಗೊಂಡ ಮೇಲೆ ಆ ಬಟ್ಟೆಯನ್ನು ತೆಗೆದು, ನೆರಳಿನಲ್ಲಿ ಪೂರ್ತಿ ಒಣಗಲು ಬಿಡಬೇಕು. ಉಣ್ಣೆಯ ಎಳೆಗಳ ಮೇಲೆ ಸೂಕ್ಷ್ಮವಾದ ಹುರುಪೆಗಳಿರುವುದರಿಂದ ಬಿಸಿನೀರಿನಲ್ಲಿ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಅಕ್ರಿಲಿಕ್ ನೂಲಾದರೆ ಬಿಸಿ ಇಸ್ತ್ರಿ ತಾಗಿಸಲೇಬಾರದು. ಹೆಣಿಗೆ ಚಪ್ಪಟೆಯಾಗಿ ಮತ್ತೆ ಮೇಲೇಳುವುದಿಲ್ಲ.

ಅನಂತರ ಬೆನ್ನಿನ ಮತ್ತು ಎದೆಯ ಭಾಗಗಳಲ್ಲಿ ಕಂಕುಳಿನವರೆಗಿನ ಸಾಲುಗಳನ್ನು ಎಣಿಸಿ ನೋಡಬೇಕು. ಹೆಣಿಗೆ ಜಗ್ಗುವುದರಿಂದ ಟೇಪಿನ ಅಳತೆಯೊಂದನ್ನೇ ನಂಬುವಂತಿಲ್ಲ. ಹೊಲಿಯಲು ಸ್ವೆಟರಿನದೇ ನೂಲು, ದೊಡ್ಡ ಕಣ್ಣಿನ ಮೊಂಡು ತುದಿಯ ಸೂಜಿ ಉತ್ತಮ. ಚೂಪು ಸೂಜಿ ನೂಲನ್ನೇ ಸೀಳುತ್ತದೆ. ಪದೇ ಪದೇ ತೂರಿ ನೂಲು ಸವೆಯುವುದರಿಂದ ಒಮ್ಮೆಗೆ ಸುಮಾರು 45 ಸೆಂ.ಮೀ. ಉದ್ದದ ನೂಲು ಸಾಕು.

ಜೋಡಿಸುವ ಅನುಕ್ರಮ

1. ಹೆಗಲು: ಎರಡು ಭಾಗಗಳ ಮೇಲ್ಬದಿಗಳನ್ನು ಎದುರುಬದುರಾಗಿಟ್ಟು, ಅಂಚಿನ ಒಳಗೆ ಹಿಂಹೊಲಿಗೆ ಹಾಕಬೇಕು. ಅಂದರೆ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಎರಡು ಹೆಜ್ಜೆ ಮುಂದೆ ಹೊರತೆಗೆಯಬೇಕು. ಎರಡನೆಯ ಹೆಗಲನ್ನು ಹೊಲಿಯುವ ಮೊದಲು ಕುತ್ತಿಗೆಯನ್ನು ಪರೀಕ್ಷಿಸುವುದು ಅವಶ್ಯ. ಒಂದು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 46 ಸೆಂ.ಮೀ. ಇರುತ್ತದೆ. ಕುತ್ತಿಗೆ ಅಷ್ಟು ಸಲೀಸಾಗಿ ಹಿಗ್ಗದಿದ್ದರೆ ಒಂದು ಹೆಗಲನ್ನು ಹೊಲಿಯದೆ ಗುಂಡಿ ಹಾಕುವುದು ಲೇಸು.

2. ತೋಳು: ತೋಳಿನ ಮೇಲಂಚಿನ ನಡುವನ್ನು ಹೆಗಲಿನ ಹೊಲಿಗೆಗೆ ಕೂಡಿಸಿ, ಎರಡೂ ತುದಿಗಳಿಗೆ ಗುಂಡುಸೂಜಿ ಹಾಕಿ, ನಡುವಿನಿಂದ ಆಚೀಚೆಗೆ ಹೊಲಿಯಬೇಕು. ತೋಳಿನ ಕುಣಿಕೆಗಳು ಮೈಭಾಗದ ಸಾಲುಗಳಿಗೆ ಸೇರುವುದರಿಂದ ಇಲ್ಲಿ ಒಂದಕ್ಕೆ ಒಂದು ಲೆಕ್ಕ ನಡೆಯುವುದಿಲ್ಲ. ಉದಾಹರಣೆಗೆ, 10 ಸೆಂ.ಮೀ. ಅಗಲದಲ್ಲಿ 20 ಕುಣಿಕೆ, 10 ಸೆಂ.ಮೀ. ಎತ್ತರದಲ್ಲಿ 28 ಸಾಲು ಬರುವ ಹೆಣಿಗೆಯಲ್ಲಿ 5 ಕುಣಿಕೆಗೆ 7 ಸಾಲು ಸಮ. ಈ ಲೆಕ್ಕ ತಪ್ಪಿದಾಗಲೇ ತೋಳು ನೆರಿಗೆಗಟ್ಟುತ್ತದೆ.

3. ಪಕ್ಕ ಮತ್ತು ತೋಳಿನ ಕೆಳಭಾಗ: ಕೆಳಪಟ್ಟಿಯಿಂದ ಕಂಕುಳಿನವರೆಗೆ, ಅಲ್ಲಿಂದ ಮುಂಗೈ ಪಟ್ಟಿಯವರೆಗೆ ಒಂದೇ ಸಾಗಾಟದಲ್ಲಿ ಏಣಿ ಹೊಲಿಗೆ ಹಾಕಬೇಕು.

ಏಣಿ ಹೊಲಿಗೆಯ ವಿಧಾನ

ಎರಡು ಭಾಗಗಳನ್ನು ಮೇಲ್ಬದಿ ಕಾಣುವಂತೆ ಅಕ್ಕಪಕ್ಕದಲ್ಲಿ ಇಡಬೇಕು. ಅಂಚಿನ ಕುಣಿಕೆಯನ್ನು ಅದರ ಪಕ್ಕದ ಕುಣಿಕೆಯಿಂದ ಮೆಲ್ಲನೆ ಅಗಲಿಸಿದರೆ ನಡುವೆ ಏಣಿಯ ಮೆಟ್ಟಿಲುಗಳಂತೆ ಅಡ್ಡ ಎಳೆಗಳು ಕಾಣುತ್ತವೆ. ಸೂಜಿಯನ್ನು ಒಂದು ಬದಿಯ ಒಂದು ಮೆಟ್ಟಿಲಿನ ಅಡಿಯಲ್ಲಿ ತೂರಿಸಿ, ಬಳಿಕ ಎದುರು ಬದಿಯ ಅದೇ ಸಾಲಿನ ಮೆಟ್ಟಿಲಿನ ಅಡಿಯಲ್ಲಿ ತೂರಿಸಬೇಕು. ಪ್ರತಿ ಸಲವೂ ಆ ಬದಿಯಲ್ಲಿ ಸೂಜಿ ಹಿಂದೆ ಹೊರಬಂದ ಜಾಗದಲ್ಲಿಯೇ ಮತ್ತೆ ಒಳಗೆ ಹೋಗಬೇಕು. ಸುಮಾರು 5 ಸೆಂ.ಮೀ. ಸಾಗಿದ ಮೇಲೆ ನೂಲನ್ನು ಮೆಲ್ಲನೆ ಎಳೆದರೆ ಅಂಚುಗಳು ಒಳಗೆ ಮಡಿಚಿ ಹೊಲಿಗೆ ಕಾಣದಂತಾಗುತ್ತದೆ. ಕೂಡಲೇ ಹೊಲಿದ ಜಾಗವನ್ನು ಉದ್ದಕ್ಕೆ ಒಮ್ಮೆ ಜಗ್ಗಿ ನೋಡಬೇಕು. ಬಟ್ಟೆಯೊಡನೆ ಹೊಲಿಗೆಯೂ ಹಿಗ್ಗಿದರೆ ಸರಿ; ಸುಕ್ಕುಗಟ್ಟಿದರೆ ನೂಲನ್ನು ಸಡಿಲಿಸಬೇಕು.

ಬಿಚ್ಚುವ ದಿನದ ಯೋಚನೆ

ನೂಲಿನ ತುದಿಗಳಿಗೆ ಗಂಟು ಹಾಕಬಾರದು. ಗಂಟು ಮೈಗೆ ಒತ್ತುತ್ತದೆ, ತೊಳೆಯುವಾಗ ಜಾರುವುದೂ ಉಂಟು. ಹೆಣೆಯುವಾಗಲೇ 15 ಸೆಂ.ಮೀ. ತುದಿ ಬಿಟ್ಟು, ಕೊನೆಗೆ ಅದನ್ನು ಒಳಬದಿಯ ಹೊಲಿಗೆಯ ಅಂಚಿನಲ್ಲಿ 5 ಸೆಂ.ಮೀ.ನಷ್ಟು ನುಸುಳಿಸಿ ಉಳಿದುದನ್ನು ಕತ್ತರಿಸಿದರೆ ಸಾಕು.

ಮಕ್ಕಳು ಬೆಳೆಯುತ್ತಾರೆ, ಉಡುಪು ಬೆಳೆಯುವುದಿಲ್ಲ. ಏಣಿ ಹೊಲಿಗೆ ಹಾಕಿದ ಸ್ವೆಟರಿನ ಜೋಡಣೆಯನ್ನು ಬಿಚ್ಚಿ, ತೋಳನ್ನು ಉದ್ದ ಮಾಡಬಹುದು. ಇಲ್ಲವೆ ನೂಲನ್ನೆಲ್ಲ ಮರಳಿ ಉಂಡೆ ಸುತ್ತಿ ಕಿರಿಯ ಮಗುವಿಗೆ ಹೊಸದಾಗಿ ಹೆಣೆಯಬಹುದು. ಗಂಟು ಹಾಕಿ ಬಿಗಿದ ಹೊಲಿಗೆಯನ್ನು ಕತ್ತರಿಯಿಂದ ಬಿಡಿಸುವಾಗ ಕುಣಿಕೆಗಳೂ ಕತ್ತರಿಸಿ ನೂಲು ತುಂಡುತುಂಡಾಗುತ್ತದೆ. ಆದ್ದರಿಂದ ಜೋಡಣೆಗೆ ಒಂದು ಸಂಜೆಯ ಬದಲು ಎರಡು ಸಂಜೆಗಳನ್ನು ಮೀಸಲಿಟ್ಟರೆ ಒಮ್ಮೆ ಕೊಂಡ ನೂಲು ಮನೆಯ ಇಬ್ಬರು ಮಕ್ಕಳ ಚಳಿಯನ್ನು ಕಾಯುತ್ತದೆ.