ಟರ್ಮಿನಲ್ ಸರ್ವರ್: ಲಿನಕ್ಸ್‌ನಲ್ಲಿ ಓಡಿದ್ದು ವಿಂಡೋಸ್‌ನಲ್ಲಿ ಏಕೆ ನಿಲ್ಲುತ್ತದೆ?

ಬ್ರೌಸರ್‌ನಲ್ಲೇ ಟರ್ಮಿನಲ್ ತೆರೆಯುವ ಸೌಲಭ್ಯ ಜುಪಿಟರ್ ನೋಟ್‌ಬುಕ್ ಬಳಸುವವರಿಗೆ ಗೊತ್ತು. ಅದರ ಹಿಂದಿರುವುದು ಟರ್ಮಿನಾಡೊ ಎಂಬ ಪೈಥಾನ್ ಲೈಬ್ರರಿ. ಚಡಚಣ, ಇಂಡಿ ಅಥವಾ ಸಿಂದಗಿಯ ವಿದ್ಯಾರ್ಥಿಯೊಬ್ಬ ಇಂಥ ಟರ್ಮಿನಲ್ ಸರ್ವರ್ ಅನ್ನು ತಾನೇ ಬರೆಯಲು ಕೂತರೆ, ಎದುರಿಗೆ ವಿಂಡೋಸ್ ಲ್ಯಾಪ್‌ಟಾಪ್, ನೋಡಿ ಕಲಿಯುವುದು ಲಿನಕ್ಸ್‌ಗೆ ಬರೆದ ಕೋಡ್. ತೊಡಕು ಶುರುವಾಗುವುದು ಅಲ್ಲಿಂದಲೇ.

ತಪ್ಪು ಕಲ್ಪನೆ 1: ಪೈಥಾನ್ ಎಲ್ಲ ಕಡೆ ಒಂದೇ.
ವಾಸ್ತವ: ಭಾಷೆ ಒಂದೇ, ಟರ್ಮಿನಲ್ ಮಾತ್ರ ಆಪರೇಟಿಂಗ್ ಸಿಸ್ಟಂನ ಸ್ವತ್ತು. ವಿಂಡೋಸ್‌ನಲ್ಲಿ ‘ಪಿಟಿವೈ’ ಎಂಬ ಹುಸಿ ಟರ್ಮಿನಲ್ ಮಾಡ್ಯೂಲನ್ನು ಇಂಪೋರ್ಟ್ ಮಾಡಿದರೆ ‘ಟರ್ಮಿಯೋಸ್’ ಸಿಗಲಿಲ್ಲ ಎಂಬ ದೋಷ ಬರುತ್ತದೆ. ನೀವು ಬರೆಯದ ಹೆಸರು ಕಂಡು ಗಾಬರಿ ಬೇಡ. ಪಿಟಿವೈ ಒಳಗೊಳಗೇ ಅದನ್ನು ಕರೆಯುತ್ತದೆ, ಅದು ಯುನಿಕ್ಸ್ ಮಾದರಿಯ ಸಿಸ್ಟಂಗಳಲ್ಲಿ ಮಾತ್ರ ಇದೆ.

ತಪ್ಪು ಕಲ್ಪನೆ 2: ಹಾಗಾದರೆ ವಿಂಡೋಸ್‌ನಲ್ಲಿ ಸಾಧ್ಯವೇ ಇಲ್ಲ.
ವಾಸ್ತವ: 2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಕಾನ್‌ಪಿಟಿವೈ ಎಂಬ ಹುಸಿ ಟರ್ಮಿನಲ್ ಸೌಲಭ್ಯ ಇದೆ. ಟರ್ಮಿನಾಡೊ ಲಿನಕ್ಸ್, ಮ್ಯಾಕ್‌ಗಳಲ್ಲಿ ‘ಪಿಟಿವೈಪ್ರೊಸೆಸ್’, ವಿಂಡೋಸ್‌ನಲ್ಲಿ ‘ಪೈವಿನ್‌ಪಿಟಿವೈ’ ಬಳಸುತ್ತದೆ. ನೀವೂ ಸಿಸ್ಟಂಗೆ ತಕ್ಕಂತೆ ಬದಲಾಗುವ ಈ ಭಾಗವನ್ನು ಒಂದೇ ಫೈಲಿನಲ್ಲಿ ಬೇರೆಯಾಗಿಡಿ. ಉಳಿದ ಕೋಡ್‌ಗೆ ಸಿಸ್ಟಂ ಯಾವುದೆಂಬ ಗೊಡವೆ ಬೇಡ.

ತಪ್ಪು ಕಲ್ಪನೆ 3: ಸಬ್‌ಪ್ರೊಸೆಸ್‌ಗೆ ಪೈಪ್ ಜೋಡಿಸಿದರೆ ಸಾಕು.
ವಾಸ್ತವ: ಎದುರಿಗೆ ಟರ್ಮಿನಲ್ ಇದೆಯೋ ಪೈಪ್ ಇದೆಯೋ ಎಂದು ಅನೇಕ ಪ್ರೋಗ್ರಾಂಗಳು ಪರೀಕ್ಷಿಸುತ್ತವೆ. ಪೈಪ್ ಇದ್ದರೆ ಬಣ್ಣ ಹೋಗುತ್ತದೆ, ಔಟ್‌ಪುಟ್ ಬಫರ್‌ನಲ್ಲೇ ಕೂರುತ್ತದೆ, ವಿಮ್‌ನಂಥ ಎಡಿಟರ್‌ಗಳು ಸರಿಯಾಗಿ ನಡೆಯುವುದಿಲ್ಲ.

ತಪ್ಪು ಕಲ್ಪನೆ 4: ಯುಟಿಎಫ್-8 ಎಂದು ಬರೆದರೆ ಕನ್ನಡ ಸರಿಹೋಗುತ್ತದೆ.
ವಾಸ್ತವ: ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ‘ಚಡಚಣ’ಕ್ಕೆ 12. ಸರ್ವರ್ ಒಮ್ಮೆಗೆ 1024 ಬೈಟ್ ಓದುತ್ತದೆ ಎನ್ನಿ. ನಡುವೆ ಖಾಲಿ ಜಾಗವಿಲ್ಲದ ಕನ್ನಡ ಪಠ್ಯವಾದರೆ 341 ಸಂಕೇತ ಮುಗಿದು ಮುಂದಿನದರ ಒಂದೇ ಬೈಟ್ ಬರುತ್ತದೆ. ಆ ತುಂಡನ್ನು ಅಲ್ಲೇ ಡಿಕೋಡ್ ಮಾಡಿದರೆ ದೋಷ. ‘ಕೋಡೆಕ್ಸ್’ ಮಾಡ್ಯೂಲಿನ ಇನ್‌ಕ್ರಿಮೆಂಟಲ್ ಡಿಕೋಡರ್ ಆ ಬೈಟನ್ನು ಹಿಡಿದಿಟ್ಟು ಮುಂದಿನ ತುಂಡಿಗೆ ಸೇರಿಸುತ್ತದೆ.

ತಪ್ಪು ಕಲ್ಪನೆ 5: ನನ್ನ ಯಂತ್ರದಲ್ಲಿ ಓಡಿತು, ಕೆಲಸ ಮುಗಿಯಿತು.
ವಾಸ್ತವ: ‘ಸಿಗ್‌ಹಪ್’, ‘ಸಿಗ್‌ಕಿಲ್’ ಸಿಗ್ನಲ್‌ಗಳು ವಿಂಡೋಸ್ ಪೈಥಾನ್‌ನಲ್ಲಿಲ್ಲ. ಪೈಥಾನ್ 3.8ರಿಂದ ಅಲ್ಲಿನ ಅಸಿಂಕ್‌ಐಒ ಡಿಫಾಲ್ಟ್ ಆಗಿ ಪ್ರೊಆಕ್ಟರ್ ಲೂಪ್‌ನಲ್ಲಿ ನಡೆಯುತ್ತದೆ. ಡೇಟಾ ಬಂದಾಗ ತಿಳಿಸುವ ‘ಆ್ಯಡ್ ರೀಡರ್’ ಆ ಲೂಪ್‌ನಲ್ಲಿ ಇಲ್ಲ. ಮ್ಯಾಕ್ ಕೊಳ್ಳಲು ಹಣವಿಲ್ಲದಿದ್ದರೂ ಚಿಂತೆಯಿಲ್ಲ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಉಬುಂಟು, ವಿಂಡೋಸ್, ಮ್ಯಾಕ್ ಮೂರರ ಮೇಲೂ ಪರೀಕ್ಷೆ ನಡೆಸಬಹುದು. ಮೂರೂ ಕಡೆ ಪಾಸಾದ ಮೇಲೆಯೇ ನಿಮ್ಮ ಕೋಡ್ ಬೇರೆಯವರಿಗೆ ಕೊಡಿ.