ಮಾರದ ಮಾಲಿಗೆ ಯಾವ ದರ?

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಬಸ್ಸು ಕಟ್ಟುವ ದೊಡ್ಡ ಕಾರ್ಖಾನೆಯೊಂದಿದೆ. ಟಾಟಾ ಮೋಟಾರ್ಸ್ ಮತ್ತು ಬ್ರೆಜಿಲಿನ ಮಾರ್ಕೊಪೊಲೊ 2006ರಲ್ಲಿ ಕೂಡಿ ಹುಟ್ಟುಹಾಕಿದ ಕಂಪನಿ ಅದು. ಪಾಲು 51ಕ್ಕೆ 49. 2020ರ ಡಿಸೆಂಬರಿನಲ್ಲಿ ಬ್ರೆಜಿಲಿನವರು ತಮ್ಮ ಪಾಲು ಬಿಟ್ಟುಕೊಟ್ಟು ಹೊರಡುವುದಾಗಿ ತಿಳಿಸಿದರು. ಆ 49ಕ್ಕೆ ಟಾಟಾ ಕೊಡಲೊಪ್ಪಿದ್ದು 99.96 ಕೋಟಿ ರೂಪಾಯಿ. ನೂರು ಕೋಟಿಗೆ ನಾಲ್ಕೇ ಲಕ್ಷ ಕಮ್ಮಿ.

ಹಾಗಾದರೆ ಇಡೀ ಕಂಪನಿಯ ಬೆಲೆ ಎಷ್ಟು? ತ್ರೈರಾಶಿ ಹಾಕಿದರೆ 204 ಕೋಟಿ ಬರುತ್ತದೆ. ಆದರೆ ಈ ಲೆಕ್ಕದಲ್ಲಿ ಹಿಡಿಯದ ಸಂಗತಿಗಳು ಹಲವು. 51 ಇದ್ದವರ ಕೈಯಲ್ಲಿ ಕಂಪನಿಯ ಲಗಾಮಿರುತ್ತದೆ, 49 ಇದ್ದವರಿಗೆ ಸಭೆಯಲ್ಲಿ ಕುರ್ಚಿ ಮಾತ್ರ. ಎರಡೂ ಷೇರುಗಳ ಮುಖಬೆಲೆ ಒಂದೇ ಆದರೂ ತೂಕ ಒಂದೇ ಅಲ್ಲ. ಇನ್ನು, ಆ 49ರ ಪಾಲನ್ನು ಕೊಳ್ಳಲು ಟಾಟಾ ಬಿಟ್ಟರೆ ಬೇರೆ ಯಾರು ಮುಂದೆ ಬರುತ್ತಿದ್ದರು? ಕಾಲವಾದರೂ ಎಂಥದು, ಕೋವಿಡ್ ಹೊಡೆತಕ್ಕೆ ಶಾಲೆಗಳು ಮುಚ್ಚಿ, ಪ್ರಯಾಣ ನಿಂತು, ಹೊಸ ಬಸ್ಸು ಕೇಳುವವರೇ ಇಲ್ಲದ ವರ್ಷ. ಸಾಲದ್ದಕ್ಕೆ ಮಾರ್ಕೊಪೊಲೊ ಹೆಸರನ್ನು ಕನಿಷ್ಠ ಮೂರು ವರ್ಷ ಬಳಸಿಕೊಳ್ಳುವ ಹಕ್ಕು, ಅಷ್ಟು ದಿನ ಭಾರತದಲ್ಲಿ ಅವರು ಪೈಪೋಟಿಗೆ ಇಳಿಯಬಾರದೆಂಬ ಷರತ್ತೂ ಒಪ್ಪಂದದಲ್ಲಿದ್ದವು. 99.96 ಕೋಟಿಯಲ್ಲಿ ಷೇರಿನದೆಷ್ಟು, ಹೆಸರಿನದೆಷ್ಟು, ಅವಸರದ್ದೆಷ್ಟು? ವ್ಯವಹಾರ ನಿಜವಾಗಿಯೂ ನಡೆದ ಕಡೆಯೇ ಇಷ್ಟು ಗೊಂದಲ. ಕಂಪನಿಗಳಾದರೋ ಪ್ರತಿ ಮಾರ್ಚ್ 31ಕ್ಕೆ ಮಾರದೇ ಇರುವ ಮಾಲಿಗೂ ದರ ಬರೆಯಬೇಕು.

ಆ ದರಕ್ಕೆ ಫೇರ್ ವ್ಯಾಲ್ಯೂ ಎನ್ನುತ್ತಾರೆ. ಅಳೆಯುವ ಕ್ರಮವನ್ನು ಹೇಳುವುದು ಇಂಡ್ ಎಎಸ್ 113 ಎಂಬ ಲೆಕ್ಕಪತ್ರ ಮಾನದಂಡ. 2015ರಲ್ಲಿ ಅಧಿಸೂಚನೆಯಾಗಿ, ದೊಡ್ಡ ಕಂಪನಿಗಳಿಗೆ 2016ರ ಏಪ್ರಿಲ್‌ನಿಂದ, ಉಳಿದ ಲಿಸ್ಟೆಡ್ ಕಂಪನಿಗಳಿಗೆ ಮರುವರ್ಷದಿಂದ ಜಾರಿಗೆ ಬಂತು. ಅದು ಕೇಳುವುದಿಷ್ಟೆ: ಯಾರ ಒತ್ತಾಯವೂ ಇಲ್ಲದೆ, ವಿಷಯ ಬಲ್ಲವರ ನಡುವೆ ಇವತ್ತು ಸೌದಾ ಕುದುರಿದರೆ ಈ ಆಸ್ತಿಗೆ ಎಷ್ಟು ಬಂದೀತು? ಈ ಸಾಲವನ್ನು ಇನ್ನೊಬ್ಬರ ತಲೆಗೆ ದಾಟಿಸಲು ಎಷ್ಟು ಕೊಡಬೇಕಾದೀತು? ಕೊಂಡಾಗಿನ ಬೆಲೆಯನ್ನು ಇಲ್ಲಿ ಯಾರೂ ಕೇಳುವುದಿಲ್ಲ.

ಯಾವ ಪೇಟೆಯ ದರ ಎಂಬ ಪ್ರಶ್ನೆಗೂ ಉತ್ತರವಿದೆ, ಹುಬ್ಬಳ್ಳಿ ಸೀಮೆಯವರಿಗೆ ಅದು ಸಲೀಸಾಗಿ ಅರ್ಥವಾಗುವಂಥದು. ಕುಂದಗೋಳದ ಮೆಣಸಿನಕಾಯಿಗೆ ಬ್ಯಾಡಗಿಯೇ ಮುಖ್ಯ ಪೇಟೆ ಎಂದಾದರೆ ಬ್ಯಾಡಗಿಯ ದರವನ್ನೇ ಹಿಡಿಯಬೇಕು. ಅಲ್ಲಿಗೆ ಒಯ್ಯುವ ಲಾರಿ ಬಾಡಿಗೆಯನ್ನು ಕಳೆಯಬಹುದು, ದಲಾಲಿಯನ್ನು ಕಳೆಯುವಂತಿಲ್ಲ. ಬಾಡಿಗೆ ಮಾಲು ಇರುವ ಜಾಗಕ್ಕೆ ಸಂಬಂಧಿಸಿದ್ದು, ದಲಾಲಿ ಸೌದಾಕ್ಕೆ ಸಂಬಂಧಿಸಿದ್ದು ಎಂಬುದು ತರ್ಕ. ಷೇರು, ಬಾಂಡುಗಳಿಗೆ ಲಾರಿ ಬೇಕಿಲ್ಲ. ಬ್ರೋಕರೇಜ್ ಕಳೆಯುವಂತಿಲ್ಲ ಎಂಬ ಮಾತು ಮಾತ್ರ ಅವಕ್ಕೂ ಸಲ್ಲುತ್ತದೆ.

ಹೀಗೆ ಬರೆದ ಬೆಲೆಗಳನ್ನು ಮಾನದಂಡ ಮೂರು ಹಂತಗಳಲ್ಲಿ ಕೂರಿಸುತ್ತದೆ. ಮೊದಲನೆಯದಕ್ಕೆ ಉದಾಹರಣೆ ವಿಆರ್‌ಎಲ್ ಷೇರು. ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ವಿಜಯ ಸಂಕೇಶ್ವರರು ಆರಂಭಿಸಿ, ಆಮೇಲೆ ಹುಬ್ಬಳ್ಳಿಯಲ್ಲಿ ನೆಲೆಯೂರಿದ ಕಂಪನಿ 2015ರ ಏಪ್ರಿಲ್‌ನಲ್ಲಿ 205 ರೂಪಾಯಿಯಂತೆ ಸಾರ್ವಜನಿಕರಿಗೆ ಷೇರು ಕೊಟ್ಟಿತು. ಆ ತಿಂಗಳ ಕೊನೆಯಿಂದ ಅದರ ದರ ಷೇರುಪೇಟೆಯ ಪರದೆಯ ಮೇಲಿದೆ. ಇಂಥ ಷೇರು ಇಟ್ಟುಕೊಂಡ ಮ್ಯೂಚುವಲ್ ಫಂಡು ಆ ದಿನದ ದರವನ್ನು ಷೇರಿನ ಸಂಖ್ಯೆಯಿಂದ ಗುಣಿಸಿದರಾಯಿತು. ಇಲ್ಲೊಂದು ಸ್ವಾರಸ್ಯವಿದೆ. ನಿಮ್ಮ ಹತ್ತಿರ ಕೋಟಿ ಷೇರಿದ್ದು, ಅಷ್ಟನ್ನೂ ಒಂದೇ ದಿನ ಸುರಿದರೆ ದರ ಕುಸಿಯುವುದು ಖಂಡಿತ ಎಂದು ಗೊತ್ತಿದ್ದರೂ ಅದಕ್ಕಾಗಿ ರಿಯಾಯಿತಿ ಹಿಡಿಯುವಂತಿಲ್ಲ. ವ್ಯಾಪಾರದ ಬುದ್ಧಿಗೆ ಇದು ಒಗ್ಗುವುದಿಲ್ಲ. ಆದರೂ ನಿಯಮ ಸರಿಯೆಂದೇ ನನಗನಿಸುತ್ತದೆ. ಪರದೆಯ ದರವನ್ನು ತಿದ್ದಲು ಒಮ್ಮೆ ಬಿಟ್ಟರೆ ತಿದ್ದುಪಡಿಗೆ ಕೊನೆಯೆಲ್ಲಿ?

ಎರಡನೆಯದು, ಪೇಟೆಯಿದ್ದರೂ ಆ ದಿನ ವ್ಯವಹಾರ ನಡೆಯದ ಮಾಲು. ಬ್ಯಾಂಕುಗಳ ತಿಜೋರಿಯಲ್ಲಿರುವ ರಾಜ್ಯ ಸರ್ಕಾರದ ಬಾಂಡುಗಳು ಬಹುಪಾಲು ಇಂಥವು. ಅಂಥದೇ ಬಾಂಡುಗಳ ಬಡ್ಡಿದರ ನೋಡಿ ಬೆಲೆ ಕಟ್ಟುತ್ತಾರೆ. ನೂರು ರೂಪಾಯಿಯ, ನೂರಕ್ಕೆ 7 ಬಡ್ಡಿಯ ಹತ್ತು ವರ್ಷದ ಬಾಂಡು ಕೊಂಡ ಮೇಲೆ ಪೇಟೆಯ ಬಡ್ಡಿ 8ಕ್ಕೆ ಏರಿದರೆ ಅದರ ಬೆಲೆ ಸುಮಾರು 93 ರೂಪಾಯಿಗೆ ಇಳಿಯುತ್ತದೆ. ಅವಧಿ ಮುಗಿಯುವ ತನಕ ಇಟ್ಟುಕೊಳ್ಳುವವರಿಗೆ ನೂರಕ್ಕೆ ನೂರೂ ಬರುತ್ತದೆ. ಹಾಗಾಗಿ ಬಡ್ಡಿ, ಅಸಲಿಗಷ್ಟೇ ಇಟ್ಟುಕೊಂಡದ್ದನ್ನು ಪ್ರತಿವರ್ಷ ಹೀಗೆ ಇಳಿಸಿ ಏರಿಸಬೇಕಿಲ್ಲ. ರಿಸರ್ವ್ ಬ್ಯಾಂಕು ಈ ವಿಂಗಡಣೆಯನ್ನೂ ಮೂರು ಹಂತಗಳನ್ನೂ ವಾಣಿಜ್ಯ ಬ್ಯಾಂಕುಗಳಿಗೆ 2024ರ ಏಪ್ರಿಲ್‌ನಿಂದ ಅನ್ವಯಿಸಿತು, ಗ್ರಾಮೀಣ ಬ್ಯಾಂಕುಗಳನ್ನು ಮಾತ್ರ ಬಿಟ್ಟಿತು. ಧಾರವಾಡದಲ್ಲೇ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಹೀಗೆ ಈ ನಿಯಮದ ಹೊರಗೇ ಉಳಿದು, 2025ರ ಮೇ 1ರಂದು ಬಳ್ಳಾರಿ ಕೇಂದ್ರದ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು.

ತಕರಾರಿರುವುದು ಮೂರನೇ ಹಂತದಲ್ಲಿ. ಧಾರವಾಡದ ಆ ಬಸ್ ಕಂಪನಿಯಂತೆ ಪೇಟೆಯೇ ಇಲ್ಲದ ಷೇರುಗಳ ಜಾಗ ಅದು. ಇಲ್ಲಿ ಮೌಲ್ಯಮಾಪಕರು ಮುಂದಿನ ವರ್ಷಗಳ ಗಳಿಕೆಯನ್ನು ಅಂದಾಜಿಸಿ, ಅದನ್ನು ಇವತ್ತಿನ ಬೆಲೆಗೆ ಇಳಿಸುತ್ತಾರೆ. ಒಂದು ಲೆಕ್ಕ ನೋಡಿ. ಮುಂದಿನ ವರ್ಷ 10 ಕೋಟಿ ಕೈಗೆ ಸಿಗುತ್ತದೆ, ಅದು ವರ್ಷಕ್ಕೆ ನೂರಕ್ಕೆ 4ರಂತೆ ಬೆಳೆಯುತ್ತ ಹೋಗುತ್ತದೆ, ಹೂಡಿದವನು ನೂರಕ್ಕೆ 12 ಪ್ರತಿಫಲ ಬಯಸುತ್ತಾನೆ ಎಂದಿಟ್ಟುಕೊಳ್ಳಿ. ಕಂಪನಿಯ ಬೆಲೆ 125 ಕೋಟಿ. 12ರ ಬದಲು 13 ಹಿಡಿದರೆ 111 ಕೋಟಿ, 11 ಹಿಡಿದರೆ 143 ಕೋಟಿ. ಹನ್ನೊಂದೋ ಹದಿಮೂರೋ ಎಂಬುದನ್ನು ತೀರ್ಮಾನಿಸುವುದು ಒಂದು ಕೋಣೆಯಲ್ಲಿ ಕೂತ ನಾಲ್ಕು ಜನ. ಅಷ್ಟರಲ್ಲೇ 32 ಕೋಟಿ ಅತ್ತಿತ್ತ ಆಗಿಬಿಡುತ್ತದೆ. ಕಂಪನಿ ಕಾಯ್ದೆಯ 247ನೇ ಕಲಮು ಕೆಲವು ಬಗೆಯ ಮೌಲ್ಯಮಾಪನಕ್ಕೆ ನೋಂದಾಯಿತ ಮೌಲ್ಯಮಾಪಕರೇ ಬೇಕೆನ್ನುತ್ತದೆ, ಆಡಿಟರು ಪ್ರಶ್ನೆ ಕೇಳುತ್ತಾರೆ, ಎಲ್ಲ ಖರೆ. ಆದರೂ ಬ್ಯಾಲೆನ್ಸ್ ಶೀಟಿನಲ್ಲಿ ಷೇರುಪೇಟೆಯ ದರ ಮತ್ತು ಈ ಅಂದಾಜು ಒಂದೇ ಅಕ್ಷರದಲ್ಲಿ, ಎರಡೆರಡು ದಶಾಂಶದೊಂದಿಗೆ ಅಚ್ಚಾಗುತ್ತವೆ. ವ್ಯತ್ಯಾಸ ತಿಳಿಯಲು ಹಿಂದಿನ ಟಿಪ್ಪಣಿಗಳನ್ನು ತಿರುವಬೇಕು. ಯಾವ ಊಹೆ ಹಿಡಿದರು, ಅದು ತುಸು ಬದಲಾದರೆ ಬೆಲೆ ಎತ್ತ ಓಲಾಡೀತು ಎಂದು ಬರೆಯುವುದು ಮೂರನೇ ಹಂತಕ್ಕೆ ಕಡ್ಡಾಯ. ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಭಾವಚಿತ್ರ ನೋಡಿ ಮುಚ್ಚಿಡುವವರೇ ಹೆಚ್ಚು, ಆ ಪುಟದವರೆಗೆ ಹೋಗುವವರು ಕಡಿಮೆ.

ಇಂಥ ಅಂದಾಜು ಎಷ್ಟು ಓಲಾಡೀತು ಎಂಬುದಕ್ಕೆ ಬೆಂಗಳೂರಿನ ಬೈಜೂಸ್ ಸಾಕ್ಷಿ. 2022ರಲ್ಲಿ 2,200 ಕೋಟಿ ಡಾಲರ್ ಎಂದು ಬೆಲೆ ಕಟ್ಟಿಸಿಕೊಂಡಿದ್ದ ಕಂಪನಿ ಅದು. ಹೂಡಿಕೆದಾರ ಪ್ರೊಸಸ್ 2023ರಲ್ಲಿ ಅದನ್ನು ಮೊದಲು ಸುಮಾರು 510 ಕೋಟಿಗೆ, ಆಮೇಲೆ 300 ಕೋಟಿಗಿಂತ ಕೆಳಕ್ಕೆ ಇಳಿಸಿ, 2024ರಲ್ಲಿ ತನ್ನ ಪಾಲನ್ನು ಸೊನ್ನೆ ಎಂದೇ ಬರೆಯಿತು. ಈ ನಡುವೆ ಷೇರುಪೇಟೆಯಲ್ಲಿ ಅದರ ಒಂದು ಷೇರೂ ಕೈಬದಲಾಗಿರಲಿಲ್ಲ, ಏಕೆಂದರೆ ಅದು ಅಲ್ಲಿ ಇರಲೇ ಇಲ್ಲ.

ಸಾಲದ ಕಡೆಗೆ ಬಂದರೆ ಲೆಕ್ಕ ಇನ್ನೂ ವಿಚಿತ್ರ. ಕಂಪನಿಯ ಸ್ಥಿತಿ ಹದಗೆಟ್ಟು ಅದರ ಸಾಲಪತ್ರದ ಬೆಲೆ ಪೇಟೆಯಲ್ಲಿ ಬಿದ್ದರೆ, ಫೇರ್ ವ್ಯಾಲ್ಯೂ ಲೆಕ್ಕದಲ್ಲಿ ಅದರ ಸಾಲ ಕಮ್ಮಿಯಾದಂತೆ! 2008ರ ಬಿಕ್ಕಟ್ಟಿನಲ್ಲಿ ಅಮೆರಿಕದ ಬ್ಯಾಂಕುಗಳು ತಮ್ಮ ಹೆಸರು ಕೆಟ್ಟಿದ್ದರಿಂದಲೇ ಹೀಗೆ ಲಾಭ ತೋರಿಸಿದವು. ಇಂಡ್ ಎಎಸ್ 109ರಲ್ಲಿ ಅಂಥ ಗಳಿಕೆ ಸಾಮಾನ್ಯವಾಗಿ ಲಾಭ-ನಷ್ಟದ ಪಟ್ಟಿಗೆ ಬರುವಂತಿಲ್ಲ, ಪಕ್ಕದ ಇನ್ನೊಂದು ಖಾತೆಗೆ ಹೋಗಬೇಕು. ಕೇಳಿದಾಗ ಕೊಡಬೇಕಾದ ಠೇವಣಿಯ ವಿಷಯದಲ್ಲಂತೂ ನಿಯಮ ಕಟ್ಟುನಿಟ್ಟು. ಉಳಿತಾಯ ಖಾತೆಯಲ್ಲಿನ ಸಾವಿರ ರೂಪಾಯಿಯನ್ನು ಗಿರಾಕಿ ಹತ್ತು ವರ್ಷ ಮುಟ್ಟುವುದಿಲ್ಲ ಎಂದು ಬ್ಯಾಂಕಿಗೆ ಎಷ್ಟೇ ಖಾತ್ರಿಯಿರಲಿ, ಅದರ ಬೆಲೆಯನ್ನು ಸಾವಿರಕ್ಕಿಂತ ಕೆಳಗೆ ಬರೆಯುವಂತಿಲ್ಲ.

ಕೇಳಿದಾಗ ಕೊಡಬೇಕಾದ ಹಣ ಎಂಬ ಈ ಮಾತು ನಮ್ಮ ಸೀಮೆಯ ಹಳೆಯ ಸಂಸ್ಥೆಯೊಂದನ್ನು ನೆನಪಿಸುತ್ತದೆ. ಅಂದು ಧಾರವಾಡ ಜಿಲ್ಲೆಯಲ್ಲಿದ್ದ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಸಂಘದ ಷೇರನ್ನು ಸದಸ್ಯ ಯಾವಾಗ ಬೇಕಾದರೂ ಹಿಂದಿರುಗಿಸಿ ಹಣ ಕೇಳಬಹುದು, ಸಂಘ ಇಲ್ಲವೆನ್ನುವಂತಿಲ್ಲ ಎಂದಾದರೆ ಅದು ಬಂಡವಾಳವಲ್ಲ, ಸಾಲ ಎನ್ನುತ್ತದೆ ಇಂಡ್ ಎಎಸ್ 32. ನಮ್ಮ ಸಹಕಾರಿ ಸಂಘಗಳು ಈ ಮಾನದಂಡದ ವ್ಯಾಪ್ತಿಯಲ್ಲಿಲ್ಲ. ಅಲ್ಲಿ ಷೇರನ್ನು ಮುಖಬೆಲೆಗೆ ಕೊಟ್ಟು ಮುಖಬೆಲೆಗೇ ಹಿಂದಕ್ಕೆ ಪಡೆಯುವುದು ರೂಢಿ. ಸಂಘದ ಗೋದಾಮು, ನಿವೇಶನಗಳ ಬೆಲೆ ಎಷ್ಟೇ ಏರಿರಲಿ, ಹೊರಹೋಗುವ ಸದಸ್ಯನ ಕೈಗೆ ಬರುವುದು ಅವನು ಅಂದು ಕಟ್ಟಿದ ನೂರು ರೂಪಾಯಿಯೇ. ಮಿಕ್ಕಿದ್ದು ಮೀಸಲು ನಿಧಿಯಲ್ಲಿ ಉಳಿಯುತ್ತದೆ, ಅದಕ್ಕೆ ಯಾವ ಮಾರ್ಚ್ 31ರಂದೂ ದರ ಕಟ್ಟಬೇಕಿಲ್ಲ.